ಹಳದಿ ಬಟ್ಟೆಯೊಳಗಿನ ನಾಲ್ಕು ದಿನ

ಮದುವೆಯಾಗಿ ಆರು ತಿಂಗಳು ಕಳೆದರೂ ನನ್ನ ಗಂಡನ ದನಿ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಪಿಸುಮಾತು ಗೊತ್ತಿತ್ತು. ದನಿ ಗೊತ್ತಿರಲಿಲ್ಲ.

ಹೆಚ್ಚು ಮಾಡಿ ಹೇಳುತ್ತಿದ್ದೇನೆ ಅನ್ನಿಸಬಹುದು, ಅದಕ್ಕೆ ಮೊದಲು ಮನೆಯ ವಿಷಯ ಹೇಳುತ್ತೇನೆ. ಬೈಲಹೊಂಗಲದ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಹೊಸ್ತಿಲು ದಾಟಿದರೆ ಪಡಸಾಲೆ, ಆಚೆ ಅಡಿಗೆಮನೆ, ಅದರ ಮಗ್ಗುಲಿಗೆ ದೇವರ ಕೋಣೆ. ನಮ್ಮಿಬ್ಬರಿಗೆ ಕೊಟ್ಟದ್ದು ಜೋಳದ ಚೀಲ ಒಟ್ಟುವ ಕೋಣೆ. ಅದರ ಬಾಗಿಲಿಗೆ ಹೊಂದಿಕೊಂಡೇ ಆಯಿಯ ಹಾಸಿಗೆ. ಆಯಿ ಎಂದರೆ ಮಾವನವರ ತಾಯಿ, ಎಂಬತ್ತು ದಾಟಿದವರು. ಕಣ್ಣು ಮಂದ. ಆದರೆ ಹಿತ್ತಲಲ್ಲಿ ಬೆಕ್ಕು ಹೆಜ್ಜೆಯಿಟ್ಟರೆ ಪಡಸಾಲೆಯಲ್ಲಿ ಮಲಗಿದ್ದಲ್ಲಿಂದಲೇ ಹಾಲಿನ ಗಡಿಗೆ ಮುಚ್ಚಿದ್ದೀರಾ ಎಂದು ಕೇಳುತ್ತಿದ್ದರು. ಅಷ್ಟು ಚುರುಕು ಕಿವಿ.

ಹಿರಿಯರ ಮುಂದೆ ಸೊಸೆ ತನ್ನ ಗಂಡನ ಜೊತೆ ಮಾತಾಡಬಾರದು. ತಂದೆಯ ಮುಂದೆ ಮಗ ದನಿ ಎತ್ತಬಾರದು. ಇವೆರಡೂ ಆ ಮನೆಯಲ್ಲಿ ಯಾರೂ ಹೇಳಿಕೊಡದ, ಎಲ್ಲರಿಗೂ ಗೊತ್ತಿದ್ದ ನಿಯಮಗಳು. ನಮ್ಮವರು ತಮ್ಮ ತಂದೆಗೆ 'ಹೂಂ' ಅನ್ನುವುದಷ್ಟೇ ನನಗೆ ಕೇಳುತ್ತಿತ್ತು. ಅವರು ನಕ್ಕು ಮಾತಾಡುವುದೇನಿದ್ದರೂ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ, ಅಲ್ಲಿ ಅವರು ಗುಮಾಸ್ತ. ನನಗೆ ಉಳಿದದ್ದು ಜೋಳದ ಚೀಲಗಳ ನಡುವಿನ ಕುಸುಕುಸು. ಅದಕ್ಕೂ ಆಯಿ ಹೊರಗೆ ಮಗ್ಗುಲು ಬದಲಿಸಿದರೆ ಪೂರ್ಣವಿರಾಮ.

ನನ್ನ ಅಪ್ಪ ರಾಮದುರ್ಗದಲ್ಲಿ ಗಣಿತದ ಮಾಸ್ತರು. ದಿನಚರಿ ಬರೆಯುವುದು, ಬರೆದದ್ದನ್ನು ತಿಂಗಳ ಕೊನೆಗೆ ಕೂಡಿಸಿ ನೋಡುವುದು ನನಗೆ ಅವರಿಂದ ಬಂದ ರೂಢಿ. ೧೯೭೭ರ ಡಿಸೆಂಬರ್ ತಿಂಗಳಲ್ಲಿ ಹಗಲು ಹೊತ್ತು ನನ್ನ ಗಂಡ ನನ್ನನ್ನು ಉದ್ದೇಶಿಸಿ ಆಡಿದ ಮಾತುಗಳಿಗೆ ಒಂದೊಂದು ಗೆರೆ ಹಾಕಿದೆ. ಮೂವತ್ತೊಂದಕ್ಕೆ ಕೂಡಿಸಿದಾಗ ಹತ್ತೊಂಬತ್ತು ಮಾತು. ಅದರಲ್ಲಿ ಹನ್ನೊಂದು 'ನೀರು'. ಎರಡು 'ಛತ್ರಿ', ಮಳೆಗಾಲವಲ್ಲದಿದ್ದರೂ. ಆ ಲೆಕ್ಕ ನೋಡಿ ನಾನು ಪೆನ್ಸಿಲ್ ಕೆಳಗಿಟ್ಟದ್ದು ನೆನಪಿದೆ.

ಹನಿಮೂನ್ ಎಂಬುದರ ಸುದ್ದಿ ಅದಕ್ಕೂ ಮೊದಲೇ ನನಗೆ ಬಂದಿತ್ತು. ಆಷಾಢಕ್ಕೆ ತವರಿಗೆ ಹೋದಾಗ ಸಾಲಿಯಲ್ಲಿ ಜೊತೆಗೆ ಓದಿದ ಗೆಳತಿಯೊಬ್ಬಳು ಸಿಕ್ಕಳು. ಅವಳ ಗಂಡ ಬ್ಯಾಂಕಿನವನು, ಮದುವೆಯಾದ ವಾರಕ್ಕೇ ಅವಳನ್ನು ಗೋವಾಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿ ಏನು ನೋಡಿದೆ ಅಂತ ಕೇಳಿದೆ. ನೋಡಿದ್ದೇನೂ ಹೆಚ್ಚಿಲ್ಲ, ನಾಲ್ಕು ದಿನ ಬರೀ ಮಾತಾಡಿದ್ದು ಅಂದಳು. ಹಗಲಲ್ಲೇ? ಹಗಲಲ್ಲೇ. ಜೋರಾಗಿ? ಒಮ್ಮೆ ಜಗಳವನ್ನೂ ಆಡಿದೆವು, ದಂಡೆಯ ಮೇಲೆ ನಿಂತು, ಯಾರೂ ತಿರುಗಿ ನೋಡಲಿಲ್ಲ ಅಂದಳು. ಸಮುದ್ರ, ಲಾಡ್ಜು, ಮೀನಿನ ವಾಸನೆ ಎಲ್ಲ ಹೇಳಿದಳು. ನನ್ನ ತಲೆಯಲ್ಲಿ ಉಳಿದದ್ದು ಆ ಜಗಳ.

ಜನವರಿಯಲ್ಲಿ ಜೋಳದ ಕೋಣೆಯಲ್ಲಿ ಈ ಮಾತು ತೆಗೆದೆ. ನಮ್ಮವರು ಕತ್ತಲಲ್ಲಿ ಎದ್ದು ಕೂತರು. ಎಷ್ಟು ಬೇಕಾದೀತು ಎಂಬುದು ಅವರ ಮೊದಲ ಪ್ರಶ್ನೆ. ಆ ಪ್ರಶ್ನೆಗಾಗಿ ನಾನು ಅವರನ್ನು ಬಹಳ ಮೆಚ್ಚಿಕೊಂಡೆ. ಬ್ಯಾಡ ಅನ್ನಲಿಲ್ಲ, ಎಷ್ಟು ಅಂದರು.

ಗೋವಾ ನಮಗೆ ಆಗದು. ಗೋಕರ್ಣ ಆಗಬಹುದು, ಸಮುದ್ರ ಅಲ್ಲಿಯೂ ಇದೆ. ಬಸ್ಸಿಗೆ ಒಬ್ಬರಿಗೆ ಹೋಗಲು ಹನ್ನೊಂದು, ಇಬ್ಬರೂ ಹೋಗಿ ಬರಲು ನಲವತ್ತನಾಲ್ಕು. ಕೋಣೆ ಮೂರು ರಾತ್ರಿಗೆ ಹದಿನೆಂಟು. ಊಟ ಇಪ್ಪತ್ತೆಂಟು, ಚಹಾ ನಾಷ್ಟಾ ಎಂಟು. ದೇವರಿಗೆ ನಾಲ್ಕು, ಕೈಖರ್ಚಿಗೆ ಎಂಟು. ಒಟ್ಟು ನೂರಾಹತ್ತು ರೂಪಾಯಿ.

ನಮ್ಮವರ ಪಗಾರ ಪೂರಾ ಮಾವನವರ ಕೈಗೆ ಹೋಗುತ್ತಿತ್ತು, ಅದನ್ನು ಮುಟ್ಟುವ ಹಾಗಿರಲಿಲ್ಲ. ಹತ್ತಿಯ ಹಂಗಾಮಿನಲ್ಲಿ ತೂಕದ ಕಾಟಾದ ಮುಂದೆ ಹೆಚ್ಚು ಹೊತ್ತು ಕೂತರೆ ವಾರಕ್ಕೆ ಆರು ರೂಪಾಯಿ ಬೇರೆ ಬರುತ್ತಿತ್ತು. ಹದಿನಾಲ್ಕು ವಾರ ಕೂತರು. ಎಂಬತ್ತನಾಲ್ಕು. ಎಪ್ರಿಲ್ ಹೊತ್ತಿಗೆ ಅವರ ಕೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ ಕಾಯಂ ಆಗಿಬಿಟ್ಟಿತ್ತು.

ನನ್ನ ಗಳಿಕೆ ಉಡಿಯದು. ಹೊಸ ಮದುಮಗಳು ಯಾರ ಮನೆಗೆ ಹೋದರೂ ಉಡಿ ತುಂಬದೆ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಜೊತೆಗೊಂದು ನಾಣ್ಯ. ಹೆಂಗಸಿಗೆ ಯಾರೂ ಲೆಕ್ಕ ಕೇಳದ ರೊಕ್ಕ ಅದೊಂದೇ. ಮೊದಲು ಯಾರಾದರೂ ಕರೆದರೆ ನಾಚಿ ಒಲ್ಲೆ ಅನ್ನುತ್ತಿದ್ದವಳು ಜನವರಿಯಿಂದ ಒಂದು ಮನೆಯನ್ನೂ ಬಿಡಲಿಲ್ಲ. ಹಿಂದಿನದೂ ಸೇರಿ ಮೂವತ್ತೊಂಬತ್ತು ಮನೆ. ಹೆಚ್ಚಿನವರು ಎಂಟಾಣೆ, ಕೆಲವರು ಚಾರಾಣೆ, ಐದಾರು ಮನೆಯಲ್ಲಿ ಪೂರಾ ರೂಪಾಯಿ. ನೇಸರಗಿಯಲ್ಲಿ ನಮ್ಮವರ ದೂರದ ಅತ್ತೆಯೊಬ್ಬರು ಐದರ ನೋಟು ಇಟ್ಟಾಗ ನನಗೆ ಗಾಬರಿಯಾಗಿ, ನಾಣ್ಯವೆಂದುಕೊಂಡು ಇನ್ನೇನೋ ಇಟ್ಟಿರಬೇಕು ಎಂದು ಅವರಿಗೇ ತೋರಿಸಿದೆ. ಇರಲಿ ಬಿಡು ಅಂದರು. ಒಟ್ಟು ಇಪ್ಪತ್ತಾರು. ಎಂಬತ್ತನಾಲ್ಕಕ್ಕೆ ಇಪ್ಪತ್ತಾರು ಸೇರಿ ನೂರಾಹತ್ತು. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇನ್ನೊಂದು ಒಪ್ಪಂದವನ್ನೂ ಮಾಡಿಕೊಂಡೆವು. ಗೋಕರ್ಣಕ್ಕೆ ಧಾರವಾಡದ ಮೇಲೆ ಹೋಗಬೇಕು, ಧಾರವಾಡಕ್ಕೆ ಕಿತ್ತೂರಿನ ಮೇಲೆ. ದೇಗಾಂವದಲ್ಲಿ ನಮ್ಮವರ ಸಂಬಂಧಿಕರಿದ್ದರು, ಕಿತ್ತೂರಿನವರೆಗೆ ಬಸ್ಸಿನಲ್ಲಿ ಯಾರಾದರೂ ಸಿಗಬಹುದು. ಅದಕ್ಕೆ ಕಿತ್ತೂರು ದಾಟುವವರೆಗೆ ಪಿಸುಮಾತು, ದಾಟಿದ ಮೇಲೆ ದನಿ. ಏನು ಮಾತಾಡುವುದು ಎಂದು ಗೊತ್ತುಮಾಡಿರಲಿಲ್ಲ. ಅಷ್ಟು ವಿಚಾರ ಮಾಡುವ ಅಗತ್ಯ ಕಾಣಲಿಲ್ಲ.

ಉಳಿದದ್ದು ಮನೆಯವರ ಅಪ್ಪಣೆ. ಗಂಡಹೆಂಡತಿ ಸಮುದ್ರ ನೋಡಲು ಹೋಗುತ್ತೇವೆ ಎಂದು ಮಾವನವರ ಮುಂದೆ ನಿಂತು ಹೇಳುವುದು ಆಗದ ಮಾತು. ಅವರು ಕಾಳುಕಡಿಯ ಅಡತಿ ಅಂಗಡಿಯವರು, ಒಳ್ಳೆಯವರು, ಆದರೆ ಅವರ ಹುಬ್ಬು ಮೇಲೆ ಹೋದರೆ ಇಡೀ ಪಡಸಾಲೆ ಸುಮ್ಮನಾಗುತ್ತಿತ್ತು. ದೇವರಿಗೆ ಹೋಗುತ್ತೇವೆ ಅಂದರೆ ಯಾರೂ ತಡೆಯುವುದಿಲ್ಲ ಎಂದು ನಮ್ಮವರು ಹೇಳಿದರು. ಬರೀ ದೇವರು ಅಂದರೆ ಶ್ರಾವಣದಲ್ಲಿ ನೋಡೋಣ ಅನ್ನಬಹುದು, ಹರಕೆ ಅಂದರೆ ಗಟ್ಟಿ ಎಂದು ನಾನು ಸೇರಿಸಿದೆ. ಜೋಳದ ಚೀಲಕ್ಕೆ ಒರಗಿ ನಾವಿಬ್ಬರೂ ಜಾಣರಾಗಿದ್ದೆವು.

ಬಸವಜಯಂತಿಯಾದ ಮರುವಾರ, ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮವರು ಹೇಳಿದರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದೆ. ಗೋಕರ್ಣದ ಈಶ್ವರನಿಗೆ ಹರಕೆ ಹೊತ್ತಿದ್ದೇವೆ, ತೀರಿಸಿಕೊಂಡು ಬರುತ್ತೇವೆ ಎಂಬ ಎರಡು ಮಾತು. ಮಾವನವರು ತುತ್ತು ನುಂಗಿ, ಭಕ್ತಿಯಿಂದ ಹಣೆ ಮುಟ್ಟಿಕೊಂಡರು. ನನ್ನ ಎದೆ ಹಗುರಾಯಿತು. ಆಮೇಲೆ ಅವರು ಹೇಳಿದರು:

"ಹರಕಿ ಅಂದ್ರ ಮನೀದು. ಒಬ್ಬಿಬ್ಬರದಲ್ಲ. ನಾವೂ ಬರತೇವಿ."

ರೊಟ್ಟಿಯ ಬುಟ್ಟಿ ಕೈಯಲ್ಲೇ ಇತ್ತು, ಬಿದ್ದಿರಲಿಲ್ಲ. ಬಿದ್ದಿದೆಯೇನೋ ಎಂದು ನಾನು ನೆಲ ನೋಡಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹೊರಗಿನ ದೇವರಿಗೆ ಹೋಗುವ ಮೊದಲು ಮನೆದೇವರಿಗೆ ಹೋಗಬೇಕಷ್ಟೆ. ನಮ್ಮ ಮನೆದೇವರು ಗೊಡಚಿಯ ವೀರಭದ್ರ, ರಾಮದುರ್ಗದ ಕಡೆ. ಅಂದರೆ ಸಮುದ್ರಕ್ಕೆ ಬೆನ್ನು ಮಾಡಿ ಹೋಗಬೇಕು. ಆಯಿಗೆ ಪ್ರಯಾಣ ಆಗದು, ಪಕ್ಕದ ಓಣಿಯಲ್ಲಿ ಬೇರೆ ಇದ್ದ ಭಾವನ ಹೆಂಡತಿ, ನನ್ನ ನೆಗೆಣ್ಣಿ, ಬಂದು ಮನೆ ನೋಡಿಕೊಳ್ಳಲಿ, ನಾವು ನಾಲ್ವರು ಹೊರಡೋಣ ಎಂದು ಗೊತ್ತಾಯಿತು. ಕಡೆಗೆ ಮಾವನವರು, ಬಹಳ ಸಹಜವಾಗಿ, ಮುಡಿಪು ಎಲ್ಲಿ ಎಂದು ಕೇಳಿದರು.

ಹರಕೆ ಹೊತ್ತವರು ಅದರ ರೊಕ್ಕವನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಡಬೇಕು, ಅದೇ ಮುಡಿಪು. ಒಮ್ಮೆ ಕಟ್ಟಿದ ಮೇಲೆ ಅದರಿಂದ ಒಂದು ಪೈಸೆ ಬೇರೆ ಖರ್ಚಿಗೆ ತೆಗೆಯುವಂತಿಲ್ಲ. ಬೇರೆ ಕೈಯ ರೊಕ್ಕ ಅದಕ್ಕೆ ಸೇರಿಸುವಂತೆಯೂ ಇಲ್ಲ. ಇದು ನಮಗೆ ಗೊತ್ತಿಲ್ಲದ್ದಲ್ಲ. ಮರೆತಿದ್ದೆವು. ಸುಳ್ಳು ಹರಕೆಗೂ ಮುಡಿಪು ಬೇಕಾಗುತ್ತದೆ ಎಂದು ಯಾರಿಗೆ ಹೊಳೆಯುತ್ತದೆ? ನಮ್ಮವರು ಎದ್ದುಬಂದು, ಜೋಳದ ಚೀಲದ ಹಿಂದಿನಿಂದ ಡಬ್ಬಿ ತೆಗೆದರು. ಸಂಜೆಯ ಹೊತ್ತಿಗೆ ನೂರಾಹತ್ತು ರೂಪಾಯಿ ಹಳದಿ ಬಟ್ಟೆಯಲ್ಲಿ ಗಂಟಾಗಿ, ಮೇಲೆ ಭಂಡಾರದ ಅರಿಸಿನ ಹಚ್ಚಿಸಿಕೊಂಡು, ದೇವರ ಕೋಣೆಯಲ್ಲಿ ಕೂತಿತ್ತು. ಎಲ್ಲರ ಜೊತೆ ನಾನೂ ಅದಕ್ಕೆ ಕೈಮುಗಿದೆ.

ದಿನಚರಿಯಲ್ಲಿ ಆ ದಿನ ಬರೆದದ್ದು ಒಂದೇ ಸಾಲು: ನಾಲ್ವರಿಗೆ ಬಸ್ಸಿಗೇ ಎಂಬತ್ತೆಂಟು, ಉಳಿಯುವುದು ಇಪ್ಪತ್ತೆರಡು.

ಮರುದಿನ ಅತ್ತೆಯವರು ಒಲೆಯ ಮುಂದೆ ಕೂತು, ಏನಂತ ಹರಕೆ ಹೊತ್ತಿರಿ ಎಂದು ನನ್ನನ್ನು ಕೇಳಿದರು. ಅತ್ತೆಯವರು ಆ ಮನೆಯಲ್ಲಿ ಹೆಚ್ಚು ಮಾತಾಡಿದವರಲ್ಲ. ಕೆಲಸ ಹೇಳುವುದಿದ್ದರೂ ಕಣ್ಣಲ್ಲೇ ಹೇಳುವವರು. ಅವರು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಿಮ್ಮ ಮೊಣಕಾಲ ನೋವು ಕಡಿಮೆಯಾಗಲಿ ಅಂತ, ಅಂದೆ. ಅವರು ತಲೆ ಎತ್ತಲಿಲ್ಲ. ಎಣ್ಣೆಯ ಬಟ್ಟಲು ಒಲೆಯಿಂದ ದೂರ ಸರಿಸಿದರು, ಅಷ್ಟೆ.

ಮೇ ತಿಂಗಳ ನಾಲ್ಕನೇ ಸೋಮವಾರ ಹೊರಟೆವು. ಸವದತ್ತಿಯ ಬಸ್ಸಿನಲ್ಲಿ ನಾನು ಅತ್ತೆಯವರು ಮುಂದೆ, ತಂದೆಮಗ ಹಿಂದೆ. ನನ್ನ ಹನಿಮೂನಿನ ಮೊದಲ ಪ್ರಯಾಣದಲ್ಲಿ ನಾನು ನೋಡಿದ್ದು ಡ್ರೈವರನ ಬೆನ್ನು. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗ ನಮ್ಮವರು ಚೀಲ ಇಳಿಸಿಕೊಡುತ್ತ ನನ್ನ ಕಿವಿಯ ಹತ್ತಿರ, ಸಿಟ್ಟು ಬಂದಿದೆಯಾ ಎಂದು ಕೇಳಿದರು. ಹೌದು ಅಂದೆ. ಅದೂ ಪಿಸುಮಾತಿನಲ್ಲೇ. ಸಿಟ್ಟನ್ನು ಪಿಸುಗುಟ್ಟಿದರೆ ಅದು ಸಿಟ್ಟಾಗಿ ಉಳಿಯುವುದಿಲ್ಲ.

ಗೊಡಚಿಯಲ್ಲಿ ಪೂಜೆಯಾಯಿತು. ಅದರ ಖರ್ಚು ಮಾವನವರದು. ಮುಡಿಪಿನ ಗಂಟನ್ನು ವೀರಭದ್ರನ ಪಾದಕ್ಕೆ ಮುಟ್ಟಿಸಿ ತೆಗೆದುಕೊಂಡರು. ಆ ರಾತ್ರಿ ತಂಗುವುದು ಮನೋಳಿಯಲ್ಲಿ. ಮನೋಳಿ ಅತ್ತೆಯವರ ತವರು. ಮಲಪ್ರಭೆಗೆ ಹತ್ತಿರ, ನದಿಯ ಕಡೆಗೆ ಹಿತ್ತಿಲ ಬಾಗಿಲಿದ್ದ ಮನೆ. ಈಗ ಅಲ್ಲಿ ಅವರ ತಮ್ಮ, ತಮ್ಮನ ಹೆಂಡತಿ ಇಬ್ಬರೇ. ಅತ್ತೆಯವರು ಪಂಚಮಿಗೆ ಒಬ್ಬರೇ ಹೋಗಿಬರುತ್ತಿದ್ದರು. ಮಾವನವರು ಆ ಹೊಸ್ತಿಲು ತುಳಿದು ಹತ್ತು ವರ್ಷಕ್ಕೂ ಮೇಲಾಗಿತ್ತಂತೆ.

ಕಾಲು ತೊಳೆದು ಒಳಗೆ ಹೋದೆವು. ಮಾವನವರು ಕಂಬಳಿಯ ಮೇಲೆ ಕೂತರು. ಅಷ್ಟರಲ್ಲಿ ಅಡಿಗೆಮನೆಯಿಂದ ಒಂದು ದನಿ ಕೇಳಿಸಿತು. ತುಂಬಿದ ದನಿ, ಹೊಲದ ಆ ಬದಿಯವರನ್ನು ಕರೆಯುವಂಥದ್ದು.

"ಏನ್ರೀ, ಆ ಪಟಗಾ ತಗದ ಇಡ್ರಿ. ಬೆವತ ನೀರಾಗೇರಿ. ಎಷ್ಟ ಸಲ ಹೇಳೂದು?"

ಯಾರದು ಎಂದು ನಾನು ನಮ್ಮವರ ಮುಖ ನೋಡಿದೆ. ಅವರು ಬಾಗಿಲ ಕಡೆ ನೋಡುತ್ತಿದ್ದರು, ಅವರ ಬಾಯಿ ತೆರೆದಿತ್ತು. ಇಪ್ಪತ್ತೈದು ವರ್ಷದ ಮಗನಿಗೂ ಆ ದನಿ ಹೊಸದು. ಅತ್ತೆಯವರು ನೀರಿನ ತಂಬಿಗೆ ಹಿಡಿದು ಹೊರಗೆ ಬಂದು, ಗಂಡನ ಎದುರಿಗೇ ನಿಂತು, ಇನ್ನೂ ಎರಡು ಮಾತು ಆಡಿದರು. ಬಿಸಿಲಲ್ಲಿ ಬರಿಗಾಲಲ್ಲಿ ಗುಡಿ ಸುತ್ತಿದ್ದಕ್ಕೆ ಬೈದರು. ಮಾವನವರು ತಲೆಗೆ ಸುತ್ತಿದ ಪಟಗಾ ತೆಗೆದರು. ನಾನು ಅವರ ಬೋಳು ತಲೆಯನ್ನು ಮೊದಲ ಸಲ ನೋಡಿದ್ದು ಆವತ್ತು.

ತವರಿನಲ್ಲಿ ಅವರು ಸೊಸೆಯಲ್ಲ, ಮಗಳು. ಅಲ್ಲಿ ಯಾರಿಗೂ ಅಂಜಬೇಕಿಲ್ಲ. ಇಷ್ಟು ತಿಳಿಯಲು ನನಗೆ ಅರ್ಧ ತಾಸು ಹಿಡಿಯಿತು. ಉಳಿದ ಅರ್ಧ ತಿಳಿಯಲು ಮರುದಿನ ಬೆಳಗಾಗಬೇಕಾಯಿತು: ಬೈಲಹೊಂಗಲದಲ್ಲಿ ಆಯಿ ಇರುವವರೆಗೆ ನಮ್ಮ ಅತ್ತೆಯವರೂ ಒಬ್ಬ ಸೊಸೆಯೇ. ಇಡೀ ವರ್ಷ ನಾನು ಅವರನ್ನು ಹಿರಿಯರ ಸಾಲಿನಲ್ಲಿ ಲೆಕ್ಕ ಹಿಡಿದಿದ್ದೆ.

ಬೆಳಿಗ್ಗೆ ಅವರು ರೊಟ್ಟಿ ಬಡಿಯುತ್ತಿದ್ದರು, ನಾನು ಬೇಯಿಸುತ್ತಿದ್ದೆ. ಆ ಮುಡಿಪಿನಲ್ಲಿ ಗೋಕರ್ಣಕ್ಕೆ ಎಷ್ಟು ಮಂದಿ ಹೋಗಿಬರಬಹುದು, ನೀನು ಲೆಕ್ಕದವಳು ಹೇಳು ಎಂದರು. ಅವರ ಅಂಗೈಯಲ್ಲಿ ರೊಟ್ಟಿ ತಿರುಗುತ್ತಲೇ ಇತ್ತು.

"ಇಬ್ಬರು, ಅತ್ತಿ."

"ಎಷ್ಟ ದಿನ?"

"ನಾಕು."

"ಇಬ್ಬರಿಗೆ ಬರೋಬ್ಬರಿ ಆಗೂ ಹಂಗ ಕೂಡಿಸೀರಿ." ಅವರು ರೊಟ್ಟಿಯನ್ನು ಹಂಚಿಗೆ ಹಾಕಿದರು. "ನೀ ನನ್ನ ಮೊಣಕಾಲಿಗೆ ಅಂದಿ. ಅಂವ ನೌಕರಿ ಕಾಯಂ ಆಗಲಿ ಅಂತ ಅಂದ. ಒಂದ ಹರಕಿಗೆ ಎರಡ ಬಾಯಿ ಹೆಂಗವ್ವಾ?"

ನಮ್ಮವರನ್ನೂ ಕೇಳಿದ್ದರು. ನನ್ನ ಕಿವಿ ಕಾದುಹೋದವು. ಬೆರಳು ಹಂಚಿಗೆ ತಾಗಿದ್ದೂ ತಿಳಿಯಲಿಲ್ಲ. ತಪ್ಪಾಯಿತು ಅನ್ನಬೇಕೆಂದು ಬಾಯಿ ತೆರೆದೆ, ಆದರೆ ಅವರಿಗೆ ಅದು ಬೇಕಿದ್ದಂತೆ ಕಾಣಲಿಲ್ಲ. ಇರಲಿ, ದೇವರ ಹೆಸರು ತೆಗೆದುಕೊಂಡ ಮೇಲೆ ಅದು ಖರೆಯೇ ಆಯಿತು, ಇನ್ನು ತೀರಿಸಬೇಕು ಅಂದರು. ಕೈಗೆ ಹತ್ತಿದ ಹಿಟ್ಟು ಉದುರಿಸಿಕೊಂಡು ಎದ್ದು ಹೊರಗೆ ಹೋದರು. ಇನ್ನು ಎಲ್ಲರ ಮುಂದೆ ನಮ್ಮ ಮಾನ ಹೋಯಿತು ಎಂದುಕೊಂಡು ನಾನು ಅವರ ಹಿಂದೆ ಬಾಗಿಲವರೆಗೆ ಹೋದೆ. ಕಟ್ಟೆಯ ಮೇಲೆ ಮಾವನವರು, ಅತ್ತೆಯವರ ತಮ್ಮ, ನಮ್ಮವರು ಚಹಾ ಕುಡಿಯುತ್ತಿದ್ದರು.

"ಏನ್ರೀ, ಗೋಕರ್ಣಕ್ಕ ನಾವಿಬ್ಬರ ಹೋಗೂಣು. ಹುಡುಗೂರು ಇಲ್ಲೇ ಇರಲಿ."

ಮಾವನವರ ಬಟ್ಟಲು ಬಾಯಿಯ ಹತ್ತಿರವೇ ನಿಂತಿತ್ತು. ಹದಿನಾಲ್ಕು ವಾರದ ಹತ್ತಿ, ಮೂವತ್ತೊಂಬತ್ತು ಮನೆಯ ಉಡಿ, ನನ್ನ ನಾಲ್ಕು ದಿನ. ಅದನ್ನು ಅವರು ಒಂದೇ ವಾಕ್ಯದಲ್ಲಿ ಎತ್ತಿಕೊಂಡಿದ್ದರು.

"ಹರಕಿ ಹೊತ್ತಾವರು ಅವರು," ಅಂದರು ಮಾವನವರು.

"ಮನೀ ಹರಕಿ ಅಂತ ನೀವ ಅಂದ್ರಿ. ಮನಿಗೆ ಹಿರೇರು ಯಾರು?"

"ಮಾವಾರ, ಇದಕ್ಕ ನಿಮ್ಮ ಕಡೆ ಉತ್ತರಿಲ್ಲ ಬಿಡ್ರಿ," ಎಂದು ಅತ್ತೆಯವರ ತಮ್ಮ ನಕ್ಕರು.

ಈ ವಯಸ್ಸಿನಲ್ಲಿ ಇಬ್ಬರೇ ತಿರುಗಿದರೆ ಮಂದಿ ನಗುತ್ತಾರೆ ಎಂದು ಮಾವನವರು ಮೆಲ್ಲಗೆ ಹೇಳಿದರು. ಅವರ ಹುಬ್ಬು ಮೇಲೆ ಹೋಗಲಿಲ್ಲ. ಅತ್ತೆಯವರು ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡರು.

"ನಗಲಿ. ಮೂವತ್ತಾರ ವರ್ಷ ನಿಮ್ಮ ಮನ್ಯಾಗ ಕುಸುಕುಸು ಅಂದೇನಿ. ನಾಕ ದಿನ ಬಾಯ್ತುಂಬ ಮಾತಾಡತೇನಿ. ಆಮ್ಯಾಲ ಮತ್ತ ಸುಮ್ಮ ಇರತೇನಿ."

ಕುಸುಕುಸು. ಆ ಶಬ್ದ ನನ್ನದೆಂದು ತಿಳಿದಿದ್ದೆ. ಜೋಳದ ಕೋಣೆಯಲ್ಲಿ ಹುಟ್ಟಿದ್ದು, ನನ್ನ ದಿನಚರಿಯಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲದ್ದು ಎಂದು. ನಮ್ಮ ಕೋಣೆ ನಮಗಿಂತ ಮೊದಲು ಯಾರದಾಗಿತ್ತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಆಯಿಯ ಹಾಸಿಗೆ ಆಗಲೂ ಅದೇ ಬಾಗಿಲಿಗಿತ್ತೇ ಎಂದೂ ಕೇಳಿರಲಿಲ್ಲ. ನಮ್ಮವರು ನೆಲ ನೋಡುತ್ತ ಕೂತಿದ್ದರು. ಮಾವನವರು ಚಹಾ ಮುಗಿಸಿ, ಬಟ್ಟಲನ್ನು ಕೆಳಗಿಟ್ಟು, ಸವದತ್ತಿಯ ಬಸ್ಸು ಎಷ್ಟಕ್ಕೆ ಎಂದು ಅತ್ತೆಯವರ ತಮ್ಮನನ್ನು ಕೇಳಿದರು.

ಹೊರಡುವ ಮೊದಲು ಅತ್ತೆಯವರು ನನ್ನನ್ನು ಹಿತ್ತಲಿಗೆ ಕರೆದರು. ಗೋಕರ್ಣದಲ್ಲಿ ಏನೇನು ಮಾಡಬೇಕೆಂದು ನೀನು ಗೊತ್ತುಮಾಡಿದ್ದೆ, ಹೇಳು ಅಂದರು. ಹೇಳಲೇಬೇಕೆ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಹೇಳಿದೆ. ಮೊದಲ ದಿನ ಕೋಣೆ ಹಿಡಿದು ಸಂಜೆ ದಂಡೆಗೆ. ಎರಡನೇ ದಿನ ದೇವರು, ಮಧ್ಯಾಹ್ನ ವಿಶ್ರಾಂತಿ, ಮತ್ತೆ ದಂಡೆ. ಮೂರನೇ ದಿನ ಬೆಳಿಗ್ಗೆಯೇ ದಂಡೆ. ನೀರಿನಲ್ಲಿ ಮೊಣಕಾಲವರೆಗೆ ಮಾತ್ರ ಇಳಿಯುವುದು. ಚಹಾ ದಿನಕ್ಕೆ ಎರಡೇ. ಅವರು ಬಾಯಿಪಾಠ ಮಾಡುವವರಂತೆ ಒಂದೊಂದನ್ನೂ ತಿರುಗಿ ಹೇಳಿದರು. ದಿನಕ್ಕೆ ಎರಡೇ ಚಹಾ ಎಂಬಲ್ಲಿ ತಡೆದು, ನಿಮ್ಮ ಮಾವನವರಿಗೆ ಮೂರು ಬೇಕು, ಊಟದಲ್ಲಿ ಹಿಡಿಯುತ್ತೇನೆ ಅಂದರು. ಹಳದಿ ಗಂಟನ್ನು ನಡುವಿಗೆ ಸಿಕ್ಕಿಸಿಕೊಂಡು, ಸೆರಗು ಹೊದ್ದು ಹೊರಟರು. ಬಸ್ಸಿನ ಬಾಗಿಲಲ್ಲಿ ಹೆಂಗಸರ ಸೀಟಿನ ಕಡೆ ತಿರುಗಲಿಲ್ಲ. ಮಾವನವರ ಪಕ್ಕಕ್ಕೇ ಹೋಗಿ ಕೂತರು. ಬಸ್ಸು ಹೋಗುವಾಗ ಕಿಟಕಿಯಲ್ಲಿ ಅವರ ಕೈ ಆಡುವುದು ಕಾಣುತ್ತಿತ್ತು. ಆಗಲೇ ಏನೋ ಹೇಳುತ್ತಿದ್ದರು.

ನಾವು ಧೂಳಿನಲ್ಲಿ ನಿಂತಿದ್ದೆವು. ನಮ್ಮ ಕೈಯಲ್ಲಿ ಒಂದು ಪೈಸೆ ಇರಲಿಲ್ಲ. ಅದು ತಿಳಿದು ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ತಿಳಿಯಿತು: ನಮ್ಮ ಕೈಯಲ್ಲಿ ನಾಲ್ಕು ದಿನ ಇತ್ತು. ಕೋಣೆ, ಊಟ, ಚಹಾ ಯಾವುದಕ್ಕೂ ಖರ್ಚಿಲ್ಲದ ನಾಲ್ಕು ದಿನ. ಲೆಕ್ಕ ಎಲ್ಲಿ ಹೋಯಿತು, ಎಲ್ಲಿಂದ ಬಂತು ಎಂದು ನಾನು ಆವತ್ತು ಕೂಡಿಸಿ ಕಳೆದು ನೋಡಿದರೂ ಹತ್ತಲಿಲ್ಲ.

ಮನೆಯವರು ನಮ್ಮನ್ನು ನಮ್ಮ ಪಾಡಿಗೆ ಬಿಟ್ಟರು. ಸಂಜೆ ಹಿತ್ತಿಲ ಬಾಗಿಲಿಂದ ನದಿಗೆ ಇಳಿದೆವು. ಬೇಸಿಗೆ, ನೀರು ನಡುವೆ ಒಂದು ಪಟ್ಟಿಯಷ್ಟು. ಎರಡೂ ಕಡೆ ಉಸುಕು. ದೂರದಲ್ಲಿ ಎಮ್ಮೆಗಳು. ಒಂದು ನರಪಿಳ್ಳೆಯೂ ಇಲ್ಲ. ಒಂದು ಬಂಡೆಯ ಮೇಲೆ ಕೂತೆವು. ನಾನು ಮಾತಾಡಲಿ ಎಂದು ಅವರು, ಅವರು ಮಾತಾಡಲಿ ಎಂದು ನಾನು. ಕಡೆಗೆ ಅವರು ಬಾಗಿ ನನ್ನ ಕಿವಿಯ ಹತ್ತಿರ ಬಂದು, ನೀರು ತಣ್ಣಗಿದೆ ಅಂದರು.

ಪಿಸುಮಾತಿನಲ್ಲಿ.

ನಾನು ಹೂಂ, ತಣ್ಣಗಿದೆ ಅಂದೆ. ಅದೂ ಪಿಸುಮಾತಿನಲ್ಲಿ. ಹಾಗೆಯೇ ನಾಲ್ಕೈದು ಮಾತು ಆಡಿದ ಮೇಲೆ ನನಗೆ ಅದು ಗೊತ್ತಾಯಿತು. ಇಲ್ಲಿ ಯಾರೂ ಇಲ್ಲ ಎಂದು ಅವರಿಗೆ ಹೇಳಿದೆ. ಹೇಳಿದ್ದೂ ಪಿಸುಗುಟ್ಟಿಯೇ. ಜೋರಾಗಿ ಹೇಳಲು ಗಂಟಲು ಏಳಲಿಲ್ಲ. ಅವರು ಒಮ್ಮೆ ಕೆಮ್ಮಿ, ನನ್ನ ಹೆಸರು ಕರೆಯಲು ನೋಡಿದರು. ಅರ್ಧಕ್ಕೆ ನಿಂತಿತು. ವರ್ಷದಲ್ಲಿ ನಮ್ಮಿಬ್ಬರ ನಡುವೆ ದನಿಯೇ ಒಣಗಿಹೋಗಿತ್ತು. ಈ ರೋಗಕ್ಕೆ ಸಮುದ್ರವೂ ಔಷಧಿಯಾಗುತ್ತಿರಲಿಲ್ಲ. ನಾವು ಕಿತ್ತೂರು ದಾಟಿದ್ದರೂ, ಧಾರವಾಡ ದಾಟಿದ್ದರೂ, ನಮ್ಮ ಕಿತ್ತೂರು ನಮ್ಮ ಜೊತೆಗೇ ಬಂದಿರುತ್ತಿತ್ತು. ಎರಡನೇ ದಿನವೂ ಹಾಗೆಯೇ ಹೋಯಿತು. ಮೂವತ್ತಾರು ವರ್ಷದ ಮೇಲೆ ಅತ್ತೆಯವರ ದನಿ ಹೇಗೆ ಹಾಗೆ ತುಂಬಿ ಉಳಿದಿತ್ತು ಎಂದು ನನಗೆ ದಿಗಿಲಾಗುವಷ್ಟು ಆಶ್ಚರ್ಯ.

ಮೂರನೇ ದಿನ ಆಚೆ ದಂಡೆಯ ಉಸುಕಿನಲ್ಲಿ ಬೆಳೆದ ಕಲ್ಲಂಗಡಿ ತರಲು ನಮ್ಮವರು ಧೋತರ ಎತ್ತಿಕಟ್ಟಿ ನೀರಿಗಿಳಿದರು. ಬಳ್ಳಿ ಅತ್ತೆಯವರ ತಮ್ಮನದು, ಬೇಕಾದಷ್ಟು ತಿನ್ನಿರಿ ಅಂದಿದ್ದರು. ನಾನು ಈಚೆ ಬಂಡೆಯ ಮೇಲೆ. ಅವರು ಆಚೆ ಏರಿ, ಬಳ್ಳಿಗಳ ನಡುವೆ ಬಗ್ಗಿ, ಒಂದು ಹಣ್ಣು ಎತ್ತಿ ತೋರಿಸಿದರು. ಬಾಯಿ ಆಡಿಸಿದರು. ಏನೂ ಕೇಳಲಿಲ್ಲ. ನಾನು ಕೈ ಆಡಿಸಿದೆ. ಮತ್ತೆ ಬಾಯಿ ಆಡಿಸಿದರು. ಕೇಳಲಿಲ್ಲ. ಆಗ ಅವರು ನೆಟ್ಟಗೆ ನಿಂತು ಎದೆ ತುಂಬ ಗಾಳಿ ಎಳೆದುಕೊಂಡರು.

"ಒಂದ ಸಾಕೋ, ಎರಡ ಬೇಕೋ?"

ನದಿಯ ಮೇಲೆ ಹಾಯ್ದು ಬಂದ ಆ ದನಿ ಕೇಳಿ ನಾನು ಬಂಡೆಯಿಂದ ಎದ್ದುನಿಂತು ಸೆರಗು ಹೊದ್ದುಕೊಂಡೆ. ಥೇಟ್ ಮಾವನವರ ದನಿ. ವರ್ಷವಿಡೀ ನಾನು ಹಂಬಲಿಸಿದ ದನಿ ಪಡಸಾಲೆಯಲ್ಲಿ ದಿನಾಲೂ ಕೇಳುತ್ತಿದ್ದದ್ದೇ. ಆಮೇಲೆ ಸೆರಗು ಬಿಟ್ಟು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದೆ.

"ಎರಡು!"

ಎಮ್ಮೆಗಳು ತಲೆಯೆತ್ತಿ ನೋಡಿದವು. ಆ ದಿನ ದಿನಚರಿಯಲ್ಲಿ ಗೆರೆ ಹಾಕುವುದು ಬಿಟ್ಟೆ. ಲೆಕ್ಕ ತಪ್ಪಿಹೋಯಿತು. ಸಂಜೆಗೆ ಕಲ್ಲಂಗಡಿ ಒಡೆಯುವ ವಿಷಯಕ್ಕೆ ಒಂದು ಸಣ್ಣ ಜಗಳವನ್ನೂ ಆಡಿದೆವು.

ಶುಕ್ರವಾರ ಅತ್ತೆಮಾವ ಬಂದರು. ಮಾವನವರ ಮೂಗು ಬಿಸಿಲಿಗೆ ಕಪ್ಪಾಗಿತ್ತು. ಅತ್ತೆಯವರ ದನಿ ಒಡೆದು ಹೋಗಿತ್ತು. ಹಳದಿ ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಎರಡು ಚಿಪ್ಪು, ಒಂದು ರೂಪಾಯಿ ಅರವತ್ತು ಪೈಸೆ. ಚಹಾ ದಿನಕ್ಕೆ ಬರೋಬ್ಬರಿ ಮೂರೇ ಆದವು ಎಂದು ಲೆಕ್ಕ ಒಪ್ಪಿಸಿದರು.

ಮರುದಿನ ಬೈಲಹೊಂಗಲಕ್ಕೆ ಬಂದೆವು. ಹೊಸ್ತಿಲು ದಾಟುತ್ತಲೇ ಅತ್ತೆಯವರು ಸೆರಗು ತಲೆ ತುಂಬ ಎಳೆದುಕೊಂಡು ಒಳಗೆ ಹೋದರು. ಹೇಳಿದಂತೆ ಮತ್ತೆ ಸುಮ್ಮನಾದರು. ಅದನ್ನು ನೋಡಿ ನನಗೆ ಮನೋಳಿಯಲ್ಲಿ ಆದದ್ದಕ್ಕಿಂತ ದೊಡ್ಡ ಪೆಟ್ಟಾಯಿತು. ಒಂದು ಹೊಸ್ತಿಲಿನ ಅಗಲದಲ್ಲಿ ಒಂದಿಡೀ ದನಿ ಎಲ್ಲಿ ಹೋಗುತ್ತದೆ? ನಮ್ಮವರು ನನ್ನ ಕಡೆ ನೋಡದೆ ಕೈ ತೋರಿಸಿ ನೀರು ಕೇಳಿದರು.

ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ಆಯಿ, ಗೋಕರ್ಣ ಹೇಗಿತ್ತು, ಸಮುದ್ರ ಎಷ್ಟು ದೊಡ್ಡದು ಎಂದು ಮಗನನ್ನು ಕೇಳಿದರು. ಅತ್ತೆಯವರು ಬಡಿಸುತ್ತಿದ್ದರು. ಮಾವನವರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ನನ್ನೇನ ಕೇಳತಿ ಯವ್ವಾ. ಇಕೀನ ಕೇಳು."

ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು. ಅತ್ತೆಯವರು ಸೆರಗಿನ ಅಂಚು ಬಾಯಿಗೆ ಹಿಡಿದು, ಕೆಳದನಿಯಲ್ಲಿ, ದೊಡ್ಡದು, ದಂಡೆ ಕಾಣುವುದಿಲ್ಲ ಎಂದು ಏನೋ ಅಂದರು. ಪಕ್ಕದಲ್ಲೇ ನಿಂತಿದ್ದ ನನಗೂ ಅದು ಸರಿಯಾಗಿ ಕೇಳಿಸಲಿಲ್ಲ. ಆಯಿಗೆ ಕೇಳಿಸಿರಬೇಕು, ಬೆಕ್ಕಿನ ಹೆಜ್ಜೆ ಕೇಳಿಸುವವರಿಗೆ. ಅವರು ಮಂದಗಣ್ಣನ್ನು ಸೊಸೆಯ ಕಡೆ ತಿರುಗಿಸಿದರು. ಆಮೇಲೆ ಕಿವಿಗೆ ಅಂಗೈ ಹಿಡಿದರು.

"ಜರಾ ಗಟ್ಟ್ಯಾಗಿ ಹೇಳವ್ವಾ. ನನಗ ಈಗೀಗ ಕಿವಿ ಕೇಳವಲ್ಲವು."